ಮೂರು ಎಂದಿದ್ದರೆ ಮೂರೇ

ಅವರ್ಸಾದ ವಿನುತಾ ಕಾರವಾರದ ಪಾಲಿಟೆಕ್ನಿಕ್ಕೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ತವರಿನವರೆಲ್ಲ ಕಡಲಿಗಿಳಿದು ಬಲೆ ಬೀಸುವವರು. ಗಂಡ ಸುಜಯ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಒಂದು ಪುಟದ ಮಾತು ಇನ್ನೊಂದು ಪುಟಕ್ಕೆ ತಾಳೆಯಾಗದಿದ್ದರೆ ವಿನುತಾಳಿಗೆ ಊಟ ಸೇರುವುದಿಲ್ಲ. ನಾದಿನಿ ದೀಕ್ಷಾಳ ಲಗ್ನಪತ್ರಿಕೆಯಲ್ಲಿ ವಾರಕ್ಕೂ ತಾರೀಖಿಗೂ ಹೊಂದದ್ದನ್ನು ಹಿಡಿದು, ನೆಂಟರು ಒಂದು ದಿನ ಮೊದಲೇ ಬಂದಿಳಿಯುವುದನ್ನು ತಪ್ಪಿಸಿದವಳು ಅವಳೇ.

ಅಂತರ್ಜಾಲದಲ್ಲಿ ಕಂಪ್ಯೂಟರುಗಳು ಗುಟ್ಟಾಗಿ ಮಾತಾಡಿಕೊಳ್ಳಲು ಒಂದು ನಿಯಮಾವಳಿಯಿದೆ. ಅದರ ನಾಲ್ಕನೆಯ ಆವೃತ್ತಿಯ ಕರಡನ್ನು ಯಾರು ಬೇಕಾದರೂ ಓದಿ ಅಭಿಪ್ರಾಯ ಕಳಿಸಬಹುದು ಎಂದು ತಿಳಿದಾಗ ಅವಳು ಬಿಟ್ಟಾಳೆಯೇ? ಕರಡಿನ ತುಂಬ ನಾಲ್ಕು ಎಂದೇ ಇತ್ತು. ಮೊದಲ ಸಂದೇಶದಲ್ಲಿ ಕಂಪ್ಯೂಟರು ತನ್ನ ಆವೃತ್ತಿ ಹೇಳುವ ಜಾಗದಲ್ಲಿ ಮಾತ್ರ ಮೂರು. ‘ಹಳೆಯ ಕರಡಿನಿಂದ ಉಳಿದುಹೋದ ತಪ್ಪು’ ಎಂದು ಖುಷಿಯಿಂದ ಬರೆದು ಕಳಿಸಿದಳು.

ಕರಡಿನ ಸಂಪಾದಕರು ಎಲ್ಲರಿಗೂ ಕಾಣುವಂತೆ ಉತ್ತರಿಸಿದರು: ತಪ್ಪಲ್ಲ, ಬೇಕೆಂದೇ ಬರೆದದ್ದು. ನಾಲ್ಕು ಎಂದು ಕಂಡರೆ ಕೆಲವು ಹಳೆಯ ಯಂತ್ರಗಳು ಸಂಪರ್ಕವನ್ನೇ ಕಡಿದುಬಿಡುತ್ತವೆ. ಅದಕ್ಕೇ ಅಲ್ಲಿ ಮೂರು. ನಿಜವಾದ ನಾಲ್ಕು ಅದೇ ಸಂದೇಶದಲ್ಲಿ ಮುಂದೆ ಬರುತ್ತದೆ.

ವಿನುತಾಳ ಮುಖ ಸಣ್ಣಗಾಯಿತು.

“ಎಂತಾ ಆಯ್ತೇ? ಬಂಗಡೆ ಮುಟ್ಲೇ ಇಲ್ಲಲ್ಲ” ಎಂದ ಸುಜಯ, ಊಟಕ್ಕೆ ಕೂತಾಗ.

“ತಪ್ಪು ಹಿಡ್ದೆ ಅಂದ್ಕಂಡಿದ್ದೆ. ತಪ್ಪು ನಂದೇ ಅಂತೆ.” ನಡೆದದ್ದನ್ನೆಲ್ಲ ಹೇಳಿದಳು.

“ಹಂಗಾರೆ ಇನ್ನು ಬರಿಯೂದು ಬಿಟ್ಟಂಗೇ?”

“ಬಿಡೂದೆಂತಕ್ಕೆ? ಆ ಕಾರಣ ನಂಗೆ ಈಗ ಹೇಳೀರು. ಕರಡಲ್ಲಿ ಎಲ್ಲೂ ಹೇಳ್ಲೇ ಇಲ್ಲ!” ಎಂದವಳು ತಾನಾಡಿದ ಮಾತಿಗೆ ತಾನೇ ಬೆಚ್ಚಿ, ಕೈ ತೊಳೆದು ಲ್ಯಾಪ್‌ಟಾಪಿನ ಮುಂದೆ ಕೂತಳು. ‘ನನ್ನ ಹಾಗೆ ಪ್ರೋಗ್ರಾಂ ಬರೆಯುವವರೂ ಅದನ್ನು ತಪ್ಪೆಂದು ತಿಳಿದು ನಾಲ್ಕು ಮಾಡಿಬಿಟ್ಟರೆ? ಕಾರಣವನ್ನು ಅಲ್ಲೇ ಒಂದು ವಾಕ್ಯದಲ್ಲಿ ಹೇಳಬಾರದೇ?’ ಎಂದು ಸಂಪಾದಕರಿಗೆ ಬರೆದಳು.

ಮರುದಿನ ಉತ್ತರ ಬಂತು: ‘ಹೌದಲ್ಲ! ಆ ವಾಕ್ಯ ನೀವೇ ಬರೆದುಕೊಡಿ.’

ಆ ವಾರವೆಲ್ಲ ಕಾರವಾರದ ಬಸ್ಸಿನಲ್ಲಿ ಅವಳಿಗೆ ಅದೇ ಧ್ಯಾನ. ಬರೆದು, ಅಳಿಸಿ, ಕೊನೆಗೆ ಕಳಿಸಿದ್ದಿಷ್ಟು: ‘ಇಲ್ಲಿ ಮೂರು ಎಂದಿರುವುದು ಹಳೆಯ ಯಂತ್ರಗಳಿಗಾಗಿ, ಇದನ್ನು ಬದಲಿಸಬಾರದು.’ ಮುಂದಿನ ಕರಡಿನಲ್ಲಿ ಅದು ಹಾಗೇ ಬಂತು, ಕೆಳಗೆ ಕೃತಜ್ಞತೆಯ ಸಾಲಿನಲ್ಲಿ ಅವಳ ಹೆಸರೂ.

ಸುಜಯ ಬಂದರಿನಲ್ಲಿ ಸಿಕ್ಕಸಿಕ್ಕವರಿಗೆ, “ನಮ್ಮನಿಯವ್ಳು ಇಂಟರ್ನೆಟ್ಟಿಗೆ ಕಾಯ್ದೆ ಬರ್ದಾಳೆ” ಎಂದು ಹೇಳಿಕೊಂಡು ತಿರುಗಿದ.

“ಕಾಯ್ದೆ ಅಲ್ರೀ, ಒಂದೇ ಒಂದು ವಾಕ್ಯ!” ಎಂದು ವಿನುತಾ ತಿದ್ದಿದಳು. ಅವನು ಕೇಳಿಸಿಕೊಳ್ಳಲಿಲ್ಲ.