ಅಷ್ಟಮಿಗೆ ಒಂಬತ್ತನೆಯವಳು

ಈಗಷ್ಟೇ ಕೊಂಡ ಗಂಧದ ಸೋಪು ಜೇಬಿನಲ್ಲೇ ಘಮ್ಮೆನ್ನುತ್ತಿದೆ. ನಾಳೆ ದುರ್ಗಾಷ್ಟಮಿ. ಡೊಂಬಿವ್ಲಿ ಸ್ಟೇಶನ್ನಿನ ಸ್ಕೈವಾಕ್ ಸೇತುವೆಯ ಕೆಳಗೆ ನಿಂತು ಈ ವಾಸನೆ ಮೂಗಿಗೆ ಬಡಿದರೆ ನಿಮಗೆ ದೇವರು ನೆನಪಾಗಬಹುದು. ನನಗೆ ಪಿಂಕಿ ನೆನಪಾಗುತ್ತಾಳೆ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಹೇಳಿಕೊಳ್ಳಲಿಕ್ಕೆ ಬಿ.ಕಾಂ., ಅಸಲಿಗೆ ಮಂದಿಯ ದನಿ ಕದಿಯುವುದು. ಲೋಕಲ್ ರೈಲು ತಡವೆಂದು ಸಾರುವ ಅನೌನ್ಸರ್‌ನಿಂದ ಹಿಡಿದು ನಮ್ಮ ಸೊಸೈಟಿಯ ಸೆಕ್ರೆಟರಿ ಕುಲಕರ್ಣಿ ಕಾಕಾನವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಕಾಕಾ ಬಹಳ ಸುಲಭ: ಎರಡು ಸಲ ಕೆಮ್ಮಿ, ಆಮೇಲೆ ಮೂಗಿನಿಂದ ಮಾತಾಡಿದರಾಯಿತು. ನನ್ನ ಸ್ವಂತ ದನಿ ಮಾತ್ರ ಒಡೆದ ಪೀಪಿ. ಅದನ್ನು ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕುಮಾರಿ ಪೂಜೆಗೆ ಒಂಬತ್ತನೆಯ ಹುಡುಗಿ ಸಿಗಲಿಲ್ಲ. ಅಷ್ಟಮಿಯ ದಿನ ಬಿಲ್ಡಿಂಗಿನ ಹುಡುಗಿಯರದೇ ದರ್ಬಾರು. ಮನೆಯಿಂದ ಮನೆಗೆ ಕಾಲು ತೊಳೆಸಿಕೊಳ್ಳುತ್ತ ಹೋದವರು ತಿರುಗಿ ಸಿಗುವುದಿಲ್ಲ. ಅವ್ವ ಸ್ಟೇಶನ್ನಿಗೆ ಹೋಗಿ ಪಿಂಕಿಯನ್ನು ಕರೆತಂದಳು. ಲೋಕಲ್ಲಿನಲ್ಲಿ ಕ್ಲಿಪ್ಪು ಮಾರಿ, ಸ್ಕೈವಾಕ್ ಕೆಳಗೆ ಮಲಗುವ ಹುಡುಗಿ. ತಂದೆತಾಯಿ ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು. "ನಮ್ಮ ಕಡೀ ಕೂಸು ನೋಡು" ಎಂದು ಅವ್ವನಿಗೆ ಸಡಗರ. ಗಂಧದ ಸೋಪು ಹಚ್ಚಿ ಎರೆದಳು, ತಾಟಿನಲ್ಲಿ ಕಾಲು ತೊಳೆದಳು, ಆ ಪಾದಕ್ಕೆ ಹಣೆ ಹಚ್ಚಿದಳು. ಪಿಂಕಿ ಹೋಳಿಗೆ ಬಿಟ್ಟು ತನ್ನ ಕೈಯನ್ನೇ ಮೂಸುತ್ತಿದ್ದಳು.

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಮಗ್ಗು ಹಿಡಿದು ಗೇಟಿಗೆ ಬಂದಳು.

"ಆಯೀ, ಗಿಡಕ್ಕ ನೀರು ಬಿಡೋ ನಳದಾಗ ದಿನಾ ಕೈಕಾಲು ಮಾರಿ ತೊಳ್ಕೊಳ್ಳಲೇನು? ಸಾಲ್ಯಾಗ ನನ್ನ ಬಾಜೂ ಯಾರೂ ಕೂಡವಲ್ಲರು. ವಾಸನಿ ಅಂತ. ತೊಳ್ಕೊಂಡು ಬಂದ್ರ ಮಾತ್ರ ಒಳಗ ಅಂದಾರ ಟೀಚರು."

ಅವ್ವ ಸುತ್ತ ನೋಡಿದಳು. "ಪೂಜಿ ದಿನದ ಮಾತು ಬ್ಯಾರೆ ಇತ್ತವ್ವ. ದಿನಾ ಅಂದ್ರ ಮಂದಿ ಏನಂತಾರ?"

ಗೇಟಿನ ಬಳಿಯೇ ಇದ್ದ ಕಾಕಾ ಎರಡು ಸಲ ಕೆಮ್ಮಿದರು. "ಇವತ್ತ ಈಕಿ. ನಾಳೆ ಇಡೀ ಸ್ಟೇಶನ್ನ ಬರ್ತದ."

ಮರುದಿನ ಬೆಳಿಗ್ಗೆ ನಾನು ಇಂಟರ್‌ಕಾಮ್ ಎತ್ತಿದೆ, ಎರಡು ಸಲ ಕೆಮ್ಮಿದೆ. ಆ ಹುಡುಗಿಯನ್ನು ಒಳಗೆ ಬಿಡು ಎಂದು ಕಾಕಾನ ಮೂಗಿನಿಂದ ವಾಚ್‌ಮನ್‌ಗೆ ಹುಕುಂ ಕೊಟ್ಟೆ. ಗೇಟು ತೆರೆಯಿತು. ದಿನವೂ ತೆರೆಯಿತು. ಆ ದಿನಗಳಲ್ಲಿ ಕಾಕಾನಷ್ಟು ಕರುಣಾಳು ಇಡೀ ಡೊಂಬಿವ್ಲಿಯಲ್ಲಿ ಇರಲಿಲ್ಲ, ಪಾಪ, ಅವರಿಗೇ ಗೊತ್ತಿರಲಿಲ್ಲ. ಒಮ್ಮೆ ಪಿಂಕಿ ಒದ್ದೆ ಕೂದಲಲ್ಲಿ ನಿಂತು ಹೇಳಿದಳು: "ಅಣ್ಣಾ, ನಿನ್ನೆ ಬಾಜೂ ಹುಡುಗಿ ಸರದು ಕೂಡಲಿಲ್ಲ."

ಆಮೇಲೆ ಒಂದು ದಿನ ಕಾಕಾ ಸ್ವತಃ ಗೇಟಿನಲ್ಲಿ ನಿಂತಿದ್ದಾಗಲೇ ಇಂಟರ್‌ಕಾಮ್‌ನಲ್ಲಿ ಕಾಕಾ ಕೆಮ್ಮಿದರು.

ಸಿಕ್ಕಿಬಿದ್ದರೂ ನನಗೇನೂ ಆಗಲಿಲ್ಲ. "ಭಾಳ ಕಿಡಿಗೇಡಿ ಇದ್ದಾನ" ಎಂದು ಸೊಸೈಟಿಯವರು ನಕ್ಕರು, ಇನ್ನೊಮ್ಮೆ ಮಾಡಿ ತೋರಿಸೆಂದರು. ಆದರೆ ಅದೇ ವಾರ ಯಾರದೋ ಬಾಗಿಲಿನಿಂದ ಒಂದು ಜೊತೆ ಬೂಟು ಕಾಣೆಯಾಯಿತು. ಯಾರೂ ಹುಡುಕಲಿಲ್ಲ, ಎಲ್ಲರೂ ಗೇಟಿನ ಕಡೆ ನೋಡಿದರು. ನಳಕ್ಕೆ ಕೀಲಿ ಬಿತ್ತು. ಅವಳಲ್ಲ ಎಂದು ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಇದು ಯಾರ ಮಿಮಿಕ್ರಿ ಎಂದು ಕೇಳಿದರು. ಬೂಟು ಆಮೇಲೆ ಟೆರೇಸಿನಲ್ಲಿ ಸಿಕ್ಕಿತು. ಕೀಲಿ ಮಾತ್ರ ಹಾಗೇ ಉಳಿಯಿತು. ಪಿಂಕಿ ಮತ್ತೆ ಶಾಲೆಗೆ ಹೋಗಲಿಲ್ಲ. ಟಿಟ್ವಾಳಾ ಲೋಕಲ್ಲಿನಲ್ಲಿ ಎರಡು ಸಲ ಕಂಡಳು. ನನ್ನನ್ನು ನೋಡಿ ಬೇರೆ ಡಬ್ಬಿಗೆ ಹೋದಳು. ಆಮೇಲೆ ಅದೂ ಇಲ್ಲ.

ಈ ವರ್ಷವೂ ಒಬ್ಬಳು ಕಡಿಮೆ. "ಸ್ಟೇಶನ್ ಕಡೆ ನೋಡಿ ಬಾ, ಬರೋ ಮುಂದ ಸೋಪು ತಗೊಂಡು ಬಾ" ಎಂದಳು ಅವ್ವ. ಅದಕ್ಕೇ ನಿಂತಿದ್ದೇನೆ.

ಹಿಂದಿನಿಂದ ಯಾರೋ ತೋಳು ಜಗ್ಗಿದರು. ತಿರುಗುವ ಮೊದಲೇ ನನ್ನ ಗಂಟಲಲ್ಲಿ ಎರಡು ಕೆಮ್ಮು ಬಂತು, ಮೂಗಿನಿಂದ ಮಾತು ಹೊರಬಿತ್ತು: "ಏ, ದೂರ ನಿಲ್ಲು."

ಕ್ಲಿಪ್ಪಿನ ಹಲಗೆ ಹಿಡಿದ ಹುಡುಗಿಯೊಬ್ಬಳು, ರೂಢಿಯಿದ್ದವಳಂತೆ, ಹಿಂದೆ ಸರಿದು ನಿಂತಳು. ಯಾರೂ ನಗಲಿಲ್ಲ. ನಾನು ಮಿಮಿಕ್ರಿ ಮಾಡಿರಲಿಲ್ಲ.