ಗೋಡೆಯೊಳಗಿನ ಹನ್ನೊಂದು ಮೆಟ್ಟಿಲು

ಊದ್ ಮೇಥಾದ ಈ ಫ್ಲಾಟಿಗೆ ಬಂದ ಮೇಲೆ ಸಾಮಾನು ಬಿಚ್ಚುವಾಗ, ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಸ್ಲೇಟು ಸಿಕ್ಕಿತು. ಮಗಳು ಅದನ್ನು ತಿರುಗಿಸಿ ನೋಡಿ, ಇದಕ್ಕೇಕೆ ತೂತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೊಳೆ ಹೊಡೆಯಲಿಕ್ಕೆ ಎಂದೆ. ನಾನು ಅಆಇಈ ತಿದ್ದಿದಂಥ ಸ್ಲೇಟಲ್ಲ ಅದು. ವೇಲ್ಸ್ ದೇಶದ ಒಂದು ರೈತರ ಮನೆಯ ಮಾಡಿಗೆ ಹೆಂಚಿನ ಹಾಗೆ ಹೊದಿಸಿದ್ದು. ಮೂಗಿಗೆ ಹಿಡಿದರೆ ಈಗಲೂ ಒದ್ದೆ ಕಲ್ಲಿನ ವಾಸನೆ... ಅಥವಾ ನನಗೆ ಹಾಗೆ ಅನಿಸುತ್ತದೋ ಏನೋ.

ಅದನ್ನು ಕೊಟ್ಟವರು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ನನ್ನ ಮೇಲಿದ್ದ ಹಿರಿಯ ಆರ್ಕಿಟೆಕ್ಟ್. ಊರಿನ ಕಡೆಯ ನಾವು ಮೂರ್ನಾಲ್ಕು ಮಂದಿ ಅವರನ್ನು ನಮ್ಮೊಳಗೆ ಸಾಹೇಬರು ಎನ್ನುತ್ತಿದ್ದೆವು. ಕಾರ್ಕಳದಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಬಂದ ನಾನು ಅಲ್ಲಿ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಐದು ಮಿಲಿಮೀಟರಿನ ತಪ್ಪನ್ನೂ ಅವರ ಕೆಂಪು ಪೆನ್ನು ಬಿಡುತ್ತಿರಲಿಲ್ಲ. ಅವರು ಮೇಜಿನ ಹತ್ತಿರ ಬಂದರೆ ಬಿಡಿಸಿದ್ದನ್ನೇ ಮತ್ತೆ ಅಳೆಯತೊಡಗುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಸಣ್ಣದೊಂದು ಪುಸ್ತಕ ತಂದು ನನ್ನ ಮುಂದಿಟ್ಟರು. ಅದರ ತುಂಬ ಪೆನ್ಸಿಲಿನ ರೇಖೆಗಳು, ಅಡಿ-ಇಂಚುಗಳ ಲೆಕ್ಕ. ಅವರು ಹುಟ್ಟಿದ ಮನೆಯ ಅಳತೆ. ರಜೆಯಲ್ಲಿ ಹೋದಾಗ ಸ್ವತಃ ಟೇಪು ಹಿಡಿದು ತೆಗೆದದ್ದು. ಅಪ್ಪ-ಅಮ್ಮ ಹೋದ ಮೇಲೆ ಆ ಮನೆಯನ್ನು ಮಾರುವುದೆಂದು ಅವರೂ ಅವರ ಅಕ್ಕನೂ ತೀರ್ಮಾನಿಸಿದ್ದರು. ಕೊಳ್ಳುವವನು ಎಲ್ಲವನ್ನೂ ಕೆಡವುವವನಿದ್ದ. ಕಂಪ್ಯೂಟರಿನಲ್ಲಿ ಬಿಡಿಸುವುದು ಅವರಿಗೆ ಒಗ್ಗಿರಲಿಲ್ಲ. ಬಿಡುವಿದ್ದಾಗ ಬಿಡಿಸಿಕೊಡುತ್ತೀಯಾ, ಇದು ಆಫೀಸಿನ ಕೆಲಸವಲ್ಲ, ಆಗದು ಎಂದರೂ ಬೇಸರವಿಲ್ಲ ಎಂದರು. ಹೆದರಿಕೆಯಿಂದಲೇ ಒಪ್ಪಿಕೊಂಡೆ.

ಬಿಡಿಸುತ್ತ ಹೋದ ಹಾಗೆ ಹೆದರಿಕೆ ಎಲ್ಲಿ ಹೋಯಿತೋ. ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಮಲಗಿದ ಮನೆ. ಒಂದೇ ಮಾಡಿನ ಕೆಳಗೆ ಮೇಲಿನ ತುದಿಯಲ್ಲಿ ಮನುಷ್ಯರು, ಕೆಳಗಿನ ತುದಿಯಲ್ಲಿ ದನಗಳು. ಹಟ್ಟಿಯ ಗಂಜಲ ತನ್ನಷ್ಟಕ್ಕೆ ಗದ್ದೆಗೆ ಹರಿಯಬೇಕು, ದನಗಳ ಮೈ ಬಿಸಿ ಮನೆಗೆ ಸಿಗಬೇಕು. ಗೋಡೆಗಳು ಮೂರಡಿ ದಪ್ಪ. ಮನುಷ್ಯರ ಭಾಗದಲ್ಲಿ ಮರದ ಮೆಟ್ಟಿಲೇರಿದರೆ ಮೇಲೊಂದು ಕೋಣೆ. ಸ್ಲೇಟುಗಳು ಸೂರಿನಲ್ಲಿ ದೊಡ್ಡವು, ಮೇಲೇರಿದಂತೆ ಸಣ್ಣವಾಗುತ್ತ ನೆತ್ತಿಯಲ್ಲಿ ಅಂಗೈಯಷ್ಟು. ಅಂಗಳದಾಚೆಯ ಕಣಜದ ಕಟ್ಟಡಕ್ಕೆ ಎದುರುಬದುರಾಗಿ ಎರಡು ದೊಡ್ಡ ಬಾಗಿಲು. ಎರಡನ್ನೂ ತೆರೆದರೆ ನಡುವೆ ನುಗ್ಗುವ ಗಾಳಿಗೆ ಧಾನ್ಯ ತೂರುತ್ತಿದ್ದರಂತೆ. ಅದರ ಗೋಡೆಯ ಕಿಂಡಿಗಳು ಹೊರಗೆ ಬೆರಳಗಲ, ಒಳಗೆ ಮೊಳದಗಲ: ಗಾಳಿ ಬೆಳಕು ಬರಬೇಕು, ಮಳೆ ಬರಬಾರದು. ಆ ಕಟ್ಟಡದ ಅಟ್ಟಕ್ಕೆ ಹೊರಗಿನಿಂದ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ನಾಯಿಗೊಂದು ಗೂಡು. ಕಟ್ಟಿದವರಿಗೆ ನಕ್ಷೆಯೇ ಇರಲಿಲ್ಲವಂತೆ. ನಾನು ಮೂವತ್ತು ಮಹಡಿಯ ಟವರುಗಳನ್ನು ಬಿಡಿಸುತ್ತಿದ್ದವಳು. ಆ ನಾಯಿಗೂಡನ್ನು ಬಿಡಿಸುವಾಗ ಕಣ್ಣು ತುಂಬಿತು.

ಆದರೆ ಮನೆಯ ನಕ್ಷೆ ಮಾತ್ರ ಕೂಡಿಕೊಳ್ಳಲಿಲ್ಲ. ಒಲೆಯಿದ್ದ ತುದಿಯಲ್ಲಿ ಹೊರಗಿನ ಅಳತೆಗೂ ಒಳಗಿನ ಅಳತೆಗೂ, ಗೋಡೆಯ ದಪ್ಪ ಕಳೆದ ಮೇಲೂ, ನಾಲ್ಕಡಿಗೂ ಹೆಚ್ಚು ವ್ಯತ್ಯಾಸ. ಮೂರು ಸಲ ಮೊದಲಿಂದ ಬಿಡಿಸಿದೆ. ನನ್ನ ತಪ್ಪಲ್ಲ. ಪಕ್ಕದ ಮೇಜಿನ ಉಡುಪಿಯ ಶೆಟ್ಟರಿಗೆ ತೋರಿಸಿದೆ. ಅವರು ದನಿ ತಗ್ಗಿಸಿ, "ಸಾಹೇಬರದ್ದೇ ತಪ್ಪು ಅಂತ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಗೋಡೆ ಸ್ವಲ್ಪ ದಪ್ಪ ಮಾಡು, ಖಲಾಸ್. ಹೇಗೂ ಬೀಳುವ ಮನೆ ಅಲ್ವಾ," ಎಂದರು.

ಎರಡು ದಿನ ಸುಮ್ಮನಿದ್ದೆ. ಬೀಳುವ ಮನೆ ಎಂಬ ಮಾತೇ ನನ್ನನ್ನು ಕೊರೆಯಿತು. ಅದು ಇನ್ನು ಉಳಿಯುವುದು ಈ ಹಾಳೆಯಲ್ಲಿ ಮಾತ್ರ. ಇಲ್ಲೂ ಸುಳ್ಳು ಹೇಳಿದರೆ? ಮೂರನೆಯ ದಿನ ಹೋಗಿ ಹೇಳಿದೆ. ಸಾಹೇಬರ ಮುಖ ಕೆಂಪಾಯಿತು. ತಾನು ಹದಿನೆಂಟು ವರ್ಷ ಬಾಳಿದ ಮನೆ, ಒಲೆಯ ಪಕ್ಕ ಒಂದು ಕಪಾಟಿದೆ, ಅದರ ಹಿಂದೆ ಬರೀ ಕಲ್ಲು ಎಂದರು.

"ಮೇಲಿನ ಕೋಣೆಯಲ್ಲೂ ಅದೇ ಮೂಲೆಯಲ್ಲಿ ಅಷ್ಟೇ ಜಾಗ ಕಡಿಮೆ ಬರ್ತದೆ ಸರ್," ಎಂದೆ.

ಅವರು ಕೆಳಗಿನ ಮತ್ತು ಮೇಲಿನ ಅಂತಸ್ತಿನ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಕೆಂಪು ಪೆನ್ನು ತೆಗೆಯಲಿಲ್ಲ.

ಮರುವಾರವೇ ರಜೆ ಹಾಕಿ ಹೊರಟುಹೋದರು. ಐದಾರು ದಿನ ಸುದ್ದಿಯಿಲ್ಲ. ಒಂದು ಸಂಜೆ ಆಫೀಸಿನ ಲಿಫ್ಟಿನಿಂದ ಇಳಿಯುವಾಗ ನನ್ನ ಮೊಬೈಲಿಗೆ ಅವರ ವಿಡಿಯೋ ಕರೆ ಬಂತು. ಕಪಾಟಿನ ಹಿಂಬದಿಯ ಹಲಗೆ ಕಿತ್ತಿದ್ದರು. ಒಳಗೆ ಗೋಡೆಯ ದಪ್ಪದಲ್ಲೇ ಸುತ್ತಿಕೊಂಡು ಮೇಲೇರುವ ಕಲ್ಲಿನ ಮೆಟ್ಟಿಲು. ಟಾರ್ಚಿನ ಬೆಳಕಿನಲ್ಲಿ ಒಂದೊಂದನ್ನೂ ತೋರಿಸಿದರು. ಪ್ರತಿ ಮೆಟ್ಟಿಲೂ ನಡುವೆ ಬೋಗುಣಿಯ ಹಾಗೆ ಸವೆದಿತ್ತು. ಎಷ್ಟು ತಲೆಮಾರಿನ ಪಾದಗಳೋ...

"ಹನ್ನೊಂದು ಇವೆ," ಎಂದರು. "ಇದರಾಚೆಯೇ ನನ್ನ ಹಾಸಿಗೆ ಇತ್ತು. ನನಗೆ ಗೊತ್ತೇ ಇರಲಿಲ್ಲ. ನಿನಗೆ ಗೊತ್ತಾಯಿತು."

ಅವರ ಬೆನ್ನ ಹಿಂದೆ ಅಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅಂಗೈಯಿಂದ ಆ ಗುಳಿಯನ್ನು ಸವರುತ್ತಿದ್ದರು. ಮಾರುವ ಮಾತು ಮೊದಲು ತೆಗೆದವರು ಅವರೇ. ಅದನ್ನು ನಿಲ್ಲಿಸಿದವರೂ ಅವರೇ ಎಂದು ಆಮೇಲೆ ತಿಳಿಯಿತು.

ಆ ವರ್ಷದ ಕೊನೆಗೆ ಸಾಹೇಬರು ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿ ಆ ಮನೆಗೇ ಹೋದರು. ಹೊರಡುವ ದಿನ ಈ ಸ್ಲೇಟನ್ನು ನನ್ನ ಕೈಗಿತ್ತರು. ನಾಲ್ಕು ಚಳಿಗಾಲ ಅಲ್ಲಿದ್ದರು. ನಾಯಿಯೊಂದನ್ನು ಸಾಕಿದ್ದರು, ಗೂಡಿನಲ್ಲಿ ಅದು ಮಲಗಿದ ಫೋಟೋ ಬಂದಿತ್ತು. ಆಮೇಲೊಂದು ದಿನ ಅವರ ಅಕ್ಕನಿಂದ ಎರಡೇ ಸಾಲಿನ ಪತ್ರ ಬಂತು. ಸಾಹೇಬರು ತೀರಿಕೊಂಡಿದ್ದರು.

ಈ ವಾರ ಅಕ್ಕ ಮತ್ತೆ ಬರೆದಿದ್ದಾರೆ. ಅವರಿಗೆ ವಯಸ್ಸಾಯಿತು, ಮನೆಯನ್ನು ಒಂದು ಯುವ ಜೋಡಿಗೆ ಕೊಡುತ್ತಿದ್ದಾರಂತೆ. ಅವರು ಏನನ್ನೂ ಕೆಡವುವುದಿಲ್ಲ, ಆದರೆ ರಿಪೇರಿಗೆ ನಕ್ಷೆ ಬೇಕು. ನಿನ್ನೆ ಹಾಳೆ ತೆರೆದೆ. ಕೆಳಮೂಲೆಯಲ್ಲಿ ಬಿಡಿಸಿದವರು ಎಂಬಲ್ಲಿ ನನ್ನ ಹೆಸರಿದೆ. ಪರಿಶೀಲಿಸಿದವರು ಎಂಬ ಚೌಕ ಖಾಲಿ. ಮೆಟ್ಟಿಲನ್ನು ಸೇರಿಸಿದ ಮೇಲೆ ಸಹಿ ಹಾಕುತ್ತೇನೆ ಎಂದಿದ್ದರು, ನಾನು ಇವತ್ತು ನಾಳೆ ಎನ್ನುತ್ತ ಸೇರಿಸುವುದರೊಳಗೆ...

ನಕ್ಷೆಯನ್ನು ಮತ್ತೊಬ್ಬರು ಪರಿಶೀಲಿಸದೆ ನಾವು ಯಾರಿಗೂ ಕಳಿಸುವುದಿಲ್ಲ. ಶೆಟ್ಟರನ್ನು ಕೇಳಿದ್ದರೆ ಸಹಿ ಹಾಕಿಕೊಡುತ್ತಿದ್ದರು. ಕೇಳಲಿಲ್ಲ. ಅವರು ಕಳಿಸಿದ್ದ ಅಳತೆಯಂತೆ ಹನ್ನೊಂದು ಮೆಟ್ಟಿಲನ್ನೂ ಬಿಡಿಸಿ, ಇನ್ನೊಮ್ಮೆ ಎಣಿಸಿ, ಆ ಚೌಕವನ್ನು ಖಾಲಿ ಬಿಟ್ಟೇ ಕಳಿಸಿದೆ.