ಉಚ್ಚಿಚೀಲದಲ್ಲಿ ಎದ್ದ ಅಂತಸ್ತು

ಮೊನ್ನೆ ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ, ಭಾಳ ಸೆಖೆ ಅಂತ, ಎಲ್ಲರಿಗೂ ಗುಲಾಬಿ ಶರಬತ್ತು ಕೊಟ್ಟರು. ನಾನು ಮುಟ್ಟಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇರಬೇಕೆಂದು ಅಂಗಡಿಯವನು ಮುಖ ಸಣ್ಣದು ಮಾಡಿದ. ಸಕ್ಕರೆ ಕಾಯಿಲೆ ನನಗಿಲ್ಲ. ಆ ಬಣ್ಣ ಕಂಡರೆ ನನ್ನ ಉಚ್ಚಿ ನೆನಪಾಗುತ್ತದೆ, ಅಷ್ಟೆ. ನೀವು ಓದುತ್ತ ಏನಾದರೂ ಕುಡಿಯುತ್ತಿದ್ದರೆ ಲೋಟ ಕೆಳಗಿಡಿ. ಈ ಮಾತು ಮುಗಿಯುವ ತನಕ ಅದು ಬರುತ್ತಲೇ ಇರುತ್ತದೆ.

ಮೊದಲ ಸಲ ಆ ಬಣ್ಣ ಕಂಡಾಗ ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೆ. ತಪ್ಪನ್ನು ಬೀಟ್‌ರೂಟಿನ ಮೇಲೆ ಹಾಕಿದೆ. ಮುಂದಿನ ಸಲ ಬೀಟ್‌ರೂಟ್ ತಿಂದಿರಲಿಲ್ಲ, ಆದ್ದರಿಂದ ಉಷ್ಣದ ಮೇಲೆ ಹಾಕಿದೆ. ಹೈದರಾಬಾದಿನ ಬಿಸಿಲಿಗೆ ಯಾವ ಅಪವಾದ ಹೊರಿಸಿದರೂ ಅದು ಬೇಡ ಅನ್ನುವುದಿಲ್ಲ. ಸಬ್ಜಾ ಬೀಜ ನೆನೆಸಿ ಕುಡಿದೆ, ಮಜ್ಜಿಗೆ ಕುಡಿದೆ. ನೋವು ಇರಲಿಲ್ಲ. ನೋವಿಲ್ಲದಿದ್ದರೆ ಅದನ್ನು ರೋಗ ಅಂತ ಯಾರಿಗೆ ಹೇಳುವುದು?

ಯಾರಿಗೆ ಅಂದರೆ, ನನ್ನ ಪಕ್ಕದಲ್ಲಿ ಮಲಗುವವಳಿಗೇ ಹೇಳಬಹುದಿತ್ತು. ನನ್ನ ಮಗಳ ಮಗಳು ರೇಣುಕಾ. ನಾವಿರುವುದು ಲಿಂಗಂಪಲ್ಲಿಯಲ್ಲಿ, ಆಕೆ ಪಿಎಚ್‌ಡಿ ಮಾಡುವ ಲ್ಯಾಬು ಉಪ್ಪಲ್ ಕಡೆ. ಯಾವುದರ ಮೇಲೆ ಪಿಎಚ್‌ಡಿ? ಉಚ್ಚಿಚೀಲದ ಕ್ಯಾನ್ಸರ್ ಮೇಲೆ. ಆಕೆ ಊರಿನ ಆ ತುದಿಗೆ ಹೋಗಿ ದಿನವಿಡೀ ಅದನ್ನು ಹುಡುಕುತ್ತಿದ್ದಳು. ನಾನು ಈ ತುದಿಯಲ್ಲಿ ಅದರ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದೆ. ಒಂದು ದಿನ ನೀರಿನ ಟ್ಯಾಂಕರ್ ಬರಲಿಲ್ಲ, ಸುರಿಯಲು ನೀರಿರಲಿಲ್ಲ. ನನ್ನ ಹಿಂದೆಯೇ ಬಚ್ಚಲಿಗೆ ಹೋದ ರೇಣುಕಾ ಹೋದಷ್ಟೇ ಬೇಗ ಹೊರಗೆ ಬಂದಳು.

"ಆಯಿ, ಇದು ಯಾವಾಗಿಂದ?"

"ಯಾವುದವಾ?"

"ಆಯಿ!"

"ದೀಪಾವಳಿಗಿಂತ ಮೊದಲ ಇರಬೇಕು. ಬೀಟ್‌ರೂಟ್ ಅನಕೊಂಡಿದ್ದೆ."

ಬಚ್ಚಲ ಬಾಗಿಲಲ್ಲೇ ಆಕೆ ಕುಸಿದು ಕುಳಿತಳು. ಅಷ್ಟು ಓದಿದ ಹುಡುಗಿ ಒದ್ದೆ ನೆಲದ ಮೇಲೆ ಕೂಡುವುದು ಸರಿಯಲ್ಲ ಅಂತ ಹೇಳಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೀಡಿ ಸೇದುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು. ಇಲ್ಲ, ನನ್ನ ಗಂಡ ಸೇದುತ್ತಿದ್ದ, ನಾನು ಪಕ್ಕದಲ್ಲಿ ಕೂತು ಉಸಿರಾಡುತ್ತಿದ್ದೆ ಅಂದೆ. ಅವರು ನಗಲಿಲ್ಲ. ನಳಿಗೆ ಹಾಕಿ ಉಚ್ಚಿಚೀಲದೊಳಗಿನ ಗಡ್ಡೆಯನ್ನು ಕೆರೆದು ತೆಗೆದರು. ಕ್ಯಾನ್ಸರೇ, ಇನ್ನೂ ಆಳಕ್ಕೆ ಇಳಿದಿಲ್ಲ, ಆದರೆ ಇದು ಮತ್ತೆ ಮತ್ತೆ ಬರುವಂಥದ್ದು, ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡಲೇಬೇಕು ಅಂದರು. ಕ್ಯಾಮೆರಾ ಎಲ್ಲಿಂದ ಹಾಕುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಸಲ ಹಾಕಿಸಿಕೊಂಡೆ. ಕಾಲು ಎತ್ತಿ ಕಟ್ಟಿದ್ದರು. ಡಾಕ್ಟರಿಕೆ ಕಲಿಯುವ ಹುಡುಗರು ಸಾಲಾಗಿ ನಿಂತು ಟಿವಿಯಲ್ಲಿ ನನ್ನ ಒಳಗನ್ನು ನೋಡಿದರು. ಮಕ್ಕಳನ್ನು ಹೆತ್ತಾಗ ಸೂಲಗಿತ್ತಿ ಒಬ್ಬಳೇ ನೋಡಿದ್ದು, ಆಕೆಗೂ ಕಣ್ಣು ಮಂಜಾಗಿತ್ತು.

ಮನೆಗೆ ಬಂದು ಹೇಳಿದೆ: "ಸಾಯತೀನಿ ಬೇಕಾದ್ರ. ಇನ್ನೊಮ್ಮೆ ಕಾಲ ಎತ್ತಂಗಿಲ್ಲ."

ಮಗಳು ಅತ್ತಳು, ಅಳಿಯ ಬೈದ. ರೇಣುಕಾ ಮಾತ್ರ ಕ್ಯಾಲೆಂಡರ್ ನೋಡಿದಳು. ಆಕೆಯ ಲ್ಯಾಬಿನವರು ವರ್ಷಕ್ಕೊಮ್ಮೆ ಬಾಗಿಲು ತೆರೆದು ಬಂದವರಿಗೆಲ್ಲ ತೋರಿಸುತ್ತಾರೆ. ಆ ದಿನ ನನ್ನನ್ನು ಮೆಟ್ರೋ ಹತ್ತಿಸಿ ಕರೆದುಕೊಂಡು ಹೋದಳು. ಗಾಜಿನ ಪುಟ್ಟ ತಾಟಿನಲ್ಲಿ ಅದೇ ಗುಲಾಬಿ ಬಣ್ಣದ ನೀರು, ಅದರೊಳಗೆ ಕ್ಯಾನ್ಸರಿನ ಜೀವಕೋಶಗಳು. ದುರ್ಬೀನಿನಲ್ಲಿ ಬಗ್ಗಿ ನೋಡಿದೆ. ಜಲ್ಲಿಕಲ್ಲು ಹರಡಿದ ಹಾಗೆ ಕಂಡಿತು, ಒಂದಕ್ಕೊಂದು ಒತ್ತಿಕೊಂಡು.

"ಇವು ಯಾರವು?"

"ಯಾವುದೋ ಥಂಡಿ ದೇಶದ ಮುದುಕಿವು, ಆಯಿ. ಆಕಿ ತೀರಿ ಭಾಳ ವರ್ಷ ಆತು. ಆಕಿ ಗಡ್ಡಿ ಮಾತ್ರ ಇನ್ನೂ ಬೆಳಿಯಾಕತ್ತೈತಿ. ಹಬ್ಬ ಇದ್ದರೂ ಬಂದು ಊಟ ಹಾಕಬೇಕು."

ಯುಗಾದಿಗೆ ಈ ಹುಡುಗಿ ಹೋಳಿಗೆ ಬಿಟ್ಟು ಓಡಿದ್ದು ಯಾರಿಗೆ ಉಣಿಸಲು ಎಂದು ಆಗ ತಿಳಿಯಿತು. ಮನೆಯಲ್ಲಿ ಒಂದು ರೊಟ್ಟಿ ಬಡಿಯಲು ಬರುವುದಿಲ್ಲ ಆಕೆಗೆ.

ಬಿಡಿಸಿ ಹೇಳು ಅಂದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಯಾದಗಿರಿ ಕಡೆಯಿಂದ ಬಂದು ಈ ಊರಿನಲ್ಲಿ ಅರ್ಧ ಆಯುಷ್ಯ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತವಳು. ಆಕೆ ಆ ಕೆಲಸವನ್ನೇ ಹಿಡಿದು ಹೇಳಿದಳು. ಪ್ರತಿ ಜೀವಕೋಶದ ನಡುವೆ ಆಫೀಸಿದ್ದ ಹಾಗೆ ಒಂದು ಜಾಗ. ಇಡೀ ಮೈಯ ನಕ್ಷೆ ಅಲ್ಲಿರುತ್ತದೆ, ಹೊರಗೆ ಬರುವುದಿಲ್ಲ. ಬೇಕಾದ ತುಂಡನ್ನಷ್ಟೇ ಚೀಟಿಗೆ ಇಳಿಸಿ ಹೊರಗೆ ಕಳಿಸುತ್ತಾರೆ. ಹೊರಗಿನ ಮೇಸ್ತ್ರಿಗಳು ಚೀಟಿ ನೋಡಿ ಕಟ್ಟುತ್ತಾರೆ.

"ಮೈಕ್ರೋ ಆರ್‌ಎನ್‌ಎ ಅಂತ ಒಂದು ಚೂರು ಇರತೈತಿ. ತಾನು ಏನೂ ಕಟ್ಟಂಗಿಲ್ಲ. ಹೋಗಿ ಚೀಟಿಗೆ ಅಂಟಕೊಂಡು ಕೂಡತೈತಿ. ಆಗ ಮೇಸ್ತ್ರಿಗೆ ಅದನ್ನ ಓದಾಕ ಆಗಂಗಿಲ್ಲ. ಭಾಳ ಸಲ ಚೀಟಿನ ಹರದು ಹೋಗತೈತಿ."

"ನಮ್ಮ ಸಾಯಮ್ಮನಂಗ," ಅಂದೆ.

ಸಾಯಮ್ಮ ನಮ್ಮ ಸೈಟಿನ ಕಾವಲಿನವಳು. ಪರ್ಮಿಷನ್ ಇಲ್ಲದೆ ಇನ್ನೊಂದು ಅಂತಸ್ತು ಎತ್ತಿ ಅಂತ ಮಾಲಕನಿಂದ ಚೀಟಿ ಬಂದರೆ, ಅದನ್ನು ಇಸಿದುಕೊಂಡು ಕುಂಡೆಯ ಕೆಳಗೆ ಹಾಕಿಕೊಂಡು ಕೂಡುತ್ತಿದ್ದಳು. ಮೇಸ್ತ್ರಿ ಚಹಾ ಕುಡಿಯುತ್ತಿದ್ದ. ಆಕೆ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದೇ ತಡ, ಕಟ್ಟಡದ ತಲೆಯ ಮೇಲೆ ಇನ್ನೆರಡು ಅಂತಸ್ತು ಎದ್ದವು.

"ಹಂಗ ಅನಕೋ," ಅಂದಳು ರೇಣುಕಾ. "ಈ ಕೋಶದಾಗ ಸಾಯಮ್ಮಗಳು ಕಮ್ಮಿ ಆಗ್ಯಾರ. 'ಬೆಳಿ, ಬೆಳಿ' ಅನ್ನೋ ಚೀಟಿ ಎಲ್ಲಾ ಮೇಸ್ತ್ರಿಗೆ ಮುಟ್ಟತಾವ. ಆದ್ರ ಆಯಿ, ಒಂದು ಚೂರು ಒಂದ ಚೀಟಿ ಅಲ್ಲ, ಹತ್ತಾರು ಹಿಡಿತೈತಿ. ಮತ್ತ ಎಲ್ಲಾ ಚೂರು ಒಳ್ಳೇವಲ್ಲ. ಕೆಲವು 'ಸಾಕು, ನಿಲ್ಲಸು' ಅನ್ನೋ ಚೀಟಿ ಮ್ಯಾಲ ಹೋಗಿ ಕೂಡತಾವ. ಅಂಥವು ಇಲ್ಲಿ ಜಾಸ್ತಿ."

"ಅಂಥವನೂ ಇದ್ದ. ಮಾಲಕನ ಭಾವಮೈದ."

ಇನ್ನೊಂದು ತಾಟು ತೋರಿಸಿದಳು. ಕಮ್ಮಿಯಾದ ಚೂರನ್ನು ಅದರಲ್ಲಿ ಮತ್ತೆ ಹಾಕಿದ್ದಳಂತೆ. ಅಲ್ಲಿ ಜಲ್ಲಿಕಲ್ಲು ವಿರಳವಾಗಿತ್ತು.

"ಹಂಗಾದ್ರ ನನಗೂ ಅದನ್ನ ಹಾಕು."

"ಇದು ತಾಟಿನಾಗಿನ ಮಾತು, ಆಯಿ. ಮೈಯಾಗ ಬಿಟ್ರ ಎಲ್ಲಿ ಹೋಗತೈತಿ, ಯಾವ್ಯಾವ ಚೀಟಿ ಹಿಡಿತೈತಿ, ಪೂರ್ತಿ ಯಾರಿಗೂ ಗೊತ್ತಿಲ್ಲ. ಔಷಧ ಆಗಾಕ ಭಾಳ ವರ್ಷ ಬೇಕು. ಆಗದನೂ ಇರಬಹುದು."

"ಮತ್ತ ಇಷ್ಟು ಓದಿ ಈಗ ನನಗೇನು ಕೊಡತಿ?"

"ಕ್ಯಾಮೆರಾ," ಅಂದಳು.

ನನಗೆ ಸಿಟ್ಟು ಬಂತು. ಆದರೆ ಆಕೆ ಸುಳ್ಳು ಹೇಳಿದ್ದರೆ ನಾನು ಖಂಡಿತ ಕೆಡುತ್ತಿದ್ದೆ. ಔಷಧ ಬರುತ್ತದಂತೆ, ಕಾಯುತ್ತೇನೆ ಎಂದು ಕಾಲು ಚಾಚಿ ಮನೆಯಲ್ಲೇ ಕೂತಿರುತ್ತಿದ್ದೆ. ಕಾಯುವ ನೆಪ ಆಕೆ ನನಗೆ ಕೊಡಲಿಲ್ಲ.

ಹೋದೆ. ಕಾಲು ಎತ್ತಿದರು. ಹುಡುಗರು ಸಾಲಾಗಿ ನಿಂತರು. ಅವರಲ್ಲಿ ಒಬ್ಬನಿಗೆ, ಆ ಟಿವಿ ನನ್ನ ಕಡೆಗೂ ಸ್ವಲ್ಪ ತಿರುಗಿಸಪ್ಪ ಅಂದೆ. ಅವನು ಡಾಕ್ಟರ ಮುಖ ನೋಡಿ ತಿರುಗಿಸಿದ. ಮಸಕು ಬೆಳಕಿನ ಖಾಲಿ ಕೋಣೆಯಂತಿತ್ತು. ಒಂದು ಮೂಲೆಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾಗಿ ಹೊಸ ಕಟ್ಟಡ ಶುರುವಾಗಿತ್ತು. ಅದನ್ನು ಅದೇ ವಾರ ಕೆರೆದು ತೆಗೆದರು. ಆ ದಿನ ಕ್ಯಾಮೆರಾ ಮುಗಿಸಿ ಬಂದಾಗ ಹೊರಗೆ ಬೆಂಚಿನ ಮೇಲೆ ರೇಣುಕಾ ಅಳುತ್ತಿದ್ದಳು. ಸಣ್ಣದಿದ್ದಾಗಲೇ ಸಿಕ್ಕಿತಲ್ಲ, ಯಾಕೆ ಅಳುತ್ತಿ ಎಂದು ಕೇಳಿದೆ. "ಅದಕ್ಕ ಅಳಾಕತ್ತೀನಿ," ಅಂದಳು.

ಬರುವ ಗುರುವಾರ ಮತ್ತೆ ಹೋಗಬೇಕು. ಮಗಳು ಈಗಿನಿಂದಲೇ ನನ್ನ ಮುಖ ನೋಡುತ್ತಿದ್ದಾಳೆ, ಎಲ್ಲಿ ನಾನು ಬೇಡ ಅನ್ನುತ್ತೇನೋ ಎಂದು. ಅನ್ನುವುದಿಲ್ಲ. ನಾಚಿಕೆ ಆಗುವುದಿಲ್ಲವೇ ಎಂದು ನೀವು ಕೇಳಿದರೆ, ಆಗುತ್ತದೆ. ಅದನ್ನು ಮನೆಗೆ ಬಂದ ಮೇಲೆ ಪಡುತ್ತೇನೆ.